ಚಿಪ್ಪಿಗೆ ಕೋಡ್ ಇಳಿಸುವ ಅಗ್ಗದ ಪ್ರೋಗ್ರಾಮರ್: ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಮೈಸೂರು, ಮಂಡ್ಯ ಕಡೆಯ ಡಿಪ್ಲೊಮಾ, ಇಂಜಿನಿಯರಿಂಗ್ ಹುಡುಗ ಹುಡುಗಿಯರ ಬಾಯಲ್ಲಿ ‘ಕೋಡ್ ಡಂಪ್ ಮಾಡೋದು’ ಅನ್ನುವ ಮಾತು ದಿನಾ ಕೇಳುತ್ತದೆ. ಕಂಪ್ಯೂಟರಿನಲ್ಲಿ ಬರೆದ ಪ್ರೋಗ್ರಾಮನ್ನು ಮೈಕ್ರೋಕಂಟ್ರೋಲರ್ (ಒಂದೇ ಚಿಪ್ಪಿನಲ್ಲಿರುವ ಪುಟ್ಟ ಕಂಪ್ಯೂಟರ್) ಒಳಗೆ ಇಳಿಸುವ ಕೆಲಸ ಅದು. ಅದನ್ನು ಮಾಡುವ ಸಾಧನವೇ ಪ್ರೋಗ್ರಾಮರ್. ಲ್ಯಾಬಿನಲ್ಲಿ ಅದು ಒಂದೋ ಎರಡೋ ಇರುತ್ತದೆ, ಪ್ರಾಜೆಕ್ಟ್ ಸಮಯ ಬಂತು ಅಂದರೆ ಅದಕ್ಕೆ ಸರದಿ. ಎಲ್ಲ ತರಹದ ಚಿಪ್ಪಿಗೂ ಆಗುವ ಯೂನಿವರ್ಸಲ್ ಪ್ರೋಗ್ರಾಮರ್ ಬೆಲೆ ಸಾವಿರಗಳಲ್ಲಿ. ಇದನ್ನೆಲ್ಲ ನೋಡಿದವರಿಗೆ ಆ ಪೆಟ್ಟಿಗೆಯೊಳಗೆ ಏನೋ ದೊಡ್ಡ ವಿದ್ಯೆ ಅಡಗಿದೆ ಅನ್ನಿಸುವುದು ಸಹಜ.

ವಿದ್ಯೆ ಇರುವುದು ನಿಜ, ಆದರೆ ಪೆಟ್ಟಿಗೆಯಲ್ಲಲ್ಲ, ಚಿಪ್ಪಿನಲ್ಲಿ. ಈಗಿನ ಚಿಪ್ಪುಗಳು ತಮ್ಮ ಮೆಮೊರಿಗೆ ತಾವೇ ಬರೆದುಕೊಳ್ಳುತ್ತವೆ. ಹೊರಗಿನ ಪ್ರೋಗ್ರಾಮರ್ ಮಾಡಬೇಕಾದ್ದು ಇಷ್ಟೇ: ನಾಲ್ಕು ತಂತಿಯ ಮೇಲೆ ಸರಿಯಾದ ಹೊತ್ತಿಗೆ ಸರಿಯಾದ ಸಂಖ್ಯೆ ಕಳಿಸುವುದು. ಆದ್ದರಿಂದ ಕೆಲವು ನೂರು ರೂಪಾಯಿಯಲ್ಲಿ ಮನೆಯಲ್ಲೇ ಒಂದನ್ನು ಕಟ್ಟಬಹುದು. ಆದರೆ ಅಗ್ಗ ಮಾಡುವ ಭರದಲ್ಲಿ ಕಿತ್ತುಹಾಕಬಾರದ ಕೆಲವು ಭಾಗಗಳಿವೆ. ಅವುಗಳ ಬೆಲೆ ತೀರಾ ಕಡಿಮೆ, ಬಿಟ್ಟರೆ ಆಗುವ ನಷ್ಟ ಜಾಸ್ತಿ. ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕಿರುವುದು ಅದನ್ನೇ.

25 ವೋಲ್ಟ್ ಬೇಕಾಗಿದ್ದ ಕಾಲ

2716 ಅನ್ನುವ ಹಳೆಯ ಇಪ್ರಾಮ್ (ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ) ಚಿಪ್ಪಿನಲ್ಲಿ ಹಿಡಿಸುತ್ತಿದ್ದದ್ದು 2048 ಬೈಟ್. ಬರೆಯಬೇಕಾದರೆ ಅದರ ಒಂದು ಪಿನ್ನಿಗೆ 25 ವೋಲ್ಟ್ ಕೊಡಬೇಕಿತ್ತು. ಒಂದೊಂದು ಬೈಟಿಗೂ 50 ಮಿಲಿಸೆಕೆಂಡಿನ ಪಲ್ಸ್, ಅಂದರೆ ಪೂರ್ತಿ ಚಿಪ್ಪಿಗೆ ಸುಮಾರು 100 ಸೆಕೆಂಡ್. ಅಡ್ರೆಸ್ಸಿಗೆ 11 ತಂತಿ, ಡೇಟಾಗೆ 8 ತಂತಿ, ಅದರ ಮೇಲೆ ಕಂಟ್ರೋಲ್ ತಂತಿಗಳು. ಅಳಿಸಬೇಕಾದರೆ ಚಿಪ್ಪಿನ ನೆತ್ತಿಯ ಮೇಲಿದ್ದ ಪಾರದರ್ಶಕ ಕಿಟಕಿಗೆ ಅಲ್ಟ್ರಾವಯಲೆಟ್ ಬೆಳಕು ಬಿಟ್ಟು ನಿಮಿಷಗಟ್ಟಲೆ ಕಾಯಬೇಕಿತ್ತು. ಇಂಟೆಲ್ 1980ರಲ್ಲಿ ತಂದ 8051 ಅನ್ನುವ ಮೈಕ್ರೋಕಂಟ್ರೋಲರ್ ಕುಟುಂಬದ 8751 ಚಿಪ್ಪಿಗೂ ಇದೇ ಕಿಟಕಿ, ಇದೇ ದೀಪ.

ಇಷ್ಟೊಂದು ವೋಲ್ಟೇಜ್ ಯಾಕೆ ಬೇಕಿತ್ತು? ಮೆಮೊರಿಯ ಒಂದೊಂದು ಬಿಟ್ಟಿಗೂ ಒಂದು ಟ್ರಾನ್ಸಿಸ್ಟರ್ ಇರುತ್ತದೆ. ಅದರೊಳಗೆ ಸುತ್ತಲೂ ಇನ್ಸುಲೇಶನ್ ಇರುವ, ಯಾವ ತಂತಿಗೂ ಸೇರದ ಒಂದು ಪುಟ್ಟ ಗೇಟ್ ಇದೆ. ಆ ಗೇಟಿನೊಳಗೆ ಎಲೆಕ್ಟ್ರಾನುಗಳನ್ನು ನುಗ್ಗಿಸಿದರೆ ಅವು ವರ್ಷಗಟ್ಟಲೆ ಅಲ್ಲೇ ಉಳಿಯುತ್ತವೆ, ಕರೆಂಟ್ ಹೋದರೂ ಹೊರಗೆ ಬರುವುದಿಲ್ಲ. ಇನ್ಸುಲೇಶನ್ ದಾಟಿಸಿ ನುಗ್ಗಿಸುವುದಕ್ಕೆ ಬಲವಾದ ವೋಲ್ಟೇಜ್ ಬೇಕು. ಎಲೆಕ್ಟ್ರಾನ್ ಇಲ್ಲದ ಬಿಟ್ 1, ತುಂಬಿದ ಬಿಟ್ 0. ಬರೆಯುವಾಗ 1 ಇದ್ದದ್ದನ್ನು 0 ಮಾಡಬಹುದು, 0 ಇದ್ದದ್ದನ್ನು 1 ಮಾಡಲು ಆಗುವುದಿಲ್ಲ. ಅದಕ್ಕೆ ಅಳಿಸಲೇಬೇಕು. ಯಾವ ಪ್ರೋಗ್ರಾಮರ್ ಆದರೂ ಮೊದಲು ಇರೇಸ್ ಮಾಡಿ ಆಮೇಲೆ ಬರೆಯುವುದಕ್ಕೆ ಇದೇ ಕಾರಣ.

ಈಗಿನ ಫ್ಲ್ಯಾಶ್ ಚಿಪ್ಪುಗಳಲ್ಲೂ (ದೀಪ ಬೇಡದೆ ಕರೆಂಟಿನಿಂದಲೇ ಅಳಿಸುವ ಮೆಮೊರಿ) ಮೂಲ ತತ್ವ ಇದೇ. ವ್ಯತ್ಯಾಸ ಏನೆಂದರೆ, ಬೇಕಾದ ಹೆಚ್ಚಿನ ವೋಲ್ಟೇಜನ್ನು ಚಿಪ್ ತನ್ನೊಳಗೇ ಚಾರ್ಜ್ ಪಂಪ್ ಅನ್ನುವ ಸರ್ಕ್ಯೂಟಿನಿಂದ ಮಾಡಿಕೊಳ್ಳುತ್ತದೆ. ಎಷ್ಟು ಹೊತ್ತು ಕೊಡಬೇಕು ಅನ್ನುವ ಲೆಕ್ಕವೂ ಅದರದ್ದೇ. ನಾವು 5 ವೋಲ್ಟ್ ಕೊಟ್ಟು, ‘ಈ ಅಡ್ರೆಸ್ಸಿಗೆ ಈ ಬೈಟ್ ಬರಿ’ ಅಂದರೆ ಸಾಕು. 25 ವೋಲ್ಟಿನ ಸಪ್ಲೈ, ಅದನ್ನು ಆನ್ ಆಫ್ ಮಾಡುವ ಟ್ರಾನ್ಸಿಸ್ಟರುಗಳು, ಇಪ್ಪತ್ತಕ್ಕೂ ಹೆಚ್ಚು ತಂತಿ ಎಲ್ಲವೂ ಒಂದೇ ಏಟಿಗೆ ಹೋದವು. ಪ್ರೋಗ್ರಾಮರ್ ಅಗ್ಗ ಆಗಿದ್ದು ಹೀಗೆ.

ಆ ನಾಲ್ಕು ತಂತಿಗಳು

ನಮ್ಮ ಕಾಲೇಜುಗಳಲ್ಲಿ ಜಾಸ್ತಿ ಸಿಗುವ ಎರಡು ಚಿಪ್ ತೆಗೆದುಕೊಳ್ಳೋಣ. ಒಂದು 8051 ಜಾತಿಯ ಎಟಿ89ಎಸ್52, ಇನ್ನೊಂದು ಎವಿಆರ್ ಜಾತಿಯ ಎಟಿಮೆಗಾ328ಪಿ. ಎರಡನ್ನೂ ತಂದದ್ದು ಅಟ್ಮೆಲ್ ಕಂಪನಿ. 2016ರಲ್ಲಿ ಅದನ್ನು ಮೈಕ್ರೋಚಿಪ್ ಕೊಂಡುಕೊಂಡಿತು. ಒಳಗಿನ ರಚನೆ ನೋಡಿದರೆ ಈ ಎರಡು ಚಿಪ್ಪಿಗೂ ಸಂಬಂಧವೇ ಇಲ್ಲ. ಆದರೆ ಕೋಡ್ ಇಳಿಸುವ ದಾರಿ ಹೆಚ್ಚುಕಡಿಮೆ ಒಂದೇ. ಒಂದೇ ಬೋರ್ಡಿನಲ್ಲಿ ಎರಡಕ್ಕೂ ಅನುಕೂಲ ಮಾಡಬಹುದು ಅನ್ನುವುದು ನಮ್ಮ ಪಾಲಿಗೆ ದೊಡ್ಡ ಲಾಭ.

ಮೋಸಿ ಅನ್ನುವ ತಂತಿಯಲ್ಲಿ ಡೇಟಾ ಚಿಪ್ಪಿಗೆ ಹೋಗುತ್ತದೆ. ಮಿಸೊ ತಂತಿಯಲ್ಲಿ ಚಿಪ್ಪಿನಿಂದ ವಾಪಸ್ ಬರುತ್ತದೆ. ಎಸ್‌ಸಿಕೆ ಅನ್ನುವುದು ಕ್ಲಾಕ್. ನಾಲ್ಕನೆಯದು ರೀಸೆಟ್, ಚಿಪ್ ತನ್ನ ಪ್ರೋಗ್ರಾಮ್ ಓಡಿಸದಂತೆ ತಡೆದು ಹಿಡಿಯುವ ತಂತಿ. ಕೋಲಾಟದಲ್ಲಿ ತಾಳ ಬಿದ್ದಾಗಲೆಲ್ಲ ಇಬ್ಬರ ಕೋಲೂ ಒಟ್ಟಿಗೇ ತಾಗುತ್ತವೆ ಅಲ್ವಾ, ಹಾಗೆ ಒಂದು ಕ್ಲಾಕ್ ಬಿದ್ದಾಗ ಒಂದು ಬಿಟ್ ಆ ಕಡೆಗೆ ಹೋಗುತ್ತದೆ, ಅದೇ ಹೊತ್ತಿಗೆ ಒಂದು ಬಿಟ್ ಈ ಕಡೆಗೆ ಬರುತ್ತದೆ. ಎಂಟು ಕ್ಲಾಕ್ ಆದರೆ ಒಂದು ಬೈಟ್ ಅದಲುಬದಲು. ತಾಳ ಹಾಕುವುದು ಯಾವಾಗಲೂ ಪ್ರೋಗ್ರಾಮರ್.

ಚಿಪ್ಪನ್ನು ರೀಸೆಟ್‌ನಲ್ಲಿ ಹಿಡಿದು, ಸ್ವಲ್ಪ ತಡೆದು, ಮೊದಲು ಕಳಿಸುವುದು ನಾಲ್ಕು ಬೈಟ್: ಎಸಿ, 53, 00, 00. ಇವು ಹೆಕ್ಸ್ ಸಂಖ್ಯೆಗಳು, ಅಂದರೆ 9 ಆದ ಮೇಲೆ ಎಯಿಂದ ಎಫ್ ತನಕ ಅಕ್ಷರ ಬಳಸುವ 16ರ ಲೆಕ್ಕದ ಸಂಖ್ಯೆಗಳು. ‘ಪ್ರೋಗ್ರಾಮಿಂಗ್ ಶುರು ಮಾಡು’ ಅನ್ನುವ ಅಪ್ಪಣೆ ಇದು, ಎರಡೂ ಚಿಪ್ಪಿಗೆ ಇದೇ. ಉತ್ತರ ಮಾತ್ರ ಬೇರೆ ಬೇರೆ. ಎಟಿಮೆಗಾ328ಪಿ ನಾವು ಕಳಿಸಿದ 53 ಅನ್ನೇ ಮೂರನೇ ಬೈಟಿನ ಹೊತ್ತಿಗೆ ವಾಪಸ್ ಹೇಳುತ್ತದೆ. ಎಟಿ89ಎಸ್52 ನಾಲ್ಕನೇ ಬೈಟಿನ ಹೊತ್ತಿಗೆ 69 ಅನ್ನುತ್ತದೆ. ಈ ಉತ್ತರ ಬಂತು ಅಂದರೆ ಚಿಪ್ಪಿಗೆ ಜೀವ ಇದೆ, ಅದನ್ನು ಓಡಿಸುವ ಕ್ಲಾಕ್ ನಡೆಯುತ್ತಿದೆ, ತಂತಿ ಸರಿಯಾಗಿದೆ, ರೀಸೆಟ್ ಸರಿಯಾಗಿದೆ ಅನ್ನುವ ನಾಲ್ಕೂ ವಿಷಯ ಒಟ್ಟಿಗೇ ಖಾತ್ರಿ. ಬರಲಿಲ್ಲ ಅಂದರೆ ಸಾಮಾನ್ಯವಾಗಿ ಈ ನಾಲ್ಕರಲ್ಲಿ ಒಂದು ಕೆಟ್ಟಿರುತ್ತದೆ. ಮೊದಲು ಇಲ್ಲೇ ಹುಡುಕಿ.

ರೀಸೆಟ್ ವಿಷಯದಲ್ಲಿ ಎರಡಕ್ಕೂ ಉಲ್ಟಾ ನಡೆ. ಎವಿಆರ್‌ಗೆ ರೀಸೆಟ್ ಪಿನ್ನನ್ನು ಗ್ರೌಂಡಿಗೆ ಎಳೆಯಬೇಕು, 89ಎಸ್52ಗೆ 5 ವೋಲ್ಟಿಗೆ ಏರಿಸಬೇಕು. ಆರ್ಡುಯಿನೊ ಅನ್ನುವ ಕಲಿಕೆಯ ಮೈಕ್ರೋಕಂಟ್ರೋಲರ್ ಬೋರ್ಡಿನ ಸಾಫ್ಟ್‌ವೇರ್ ಜೊತೆಗೇ ಬರುವ ‘ಆರ್ಡುಯಿನೊ ಐಎಸ್‌ಪಿ’ ಸ್ಕೆಚ್ (ಆ ಬೋರ್ಡಿನ ಪ್ರೋಗ್ರಾಮಿಗೆ ಸ್ಕೆಚ್ ಅನ್ನುತ್ತಾರೆ) ಬರೆದವರು ಇದಕ್ಕೂ ಒಂದು ಸಾಲು ಸೇರಿಸಿದ್ದಾರೆ. ಚಿಪ್ ಯಾವ ಜಾತಿ ಅಂತ ಕಂಪ್ಯೂಟರ್ ತಿಳಿಸಿದ ಮೇಲೆ ರೀಸೆಟ್ ಮೇಲಕ್ಕೋ ಕೆಳಕ್ಕೋ ಅಂತ ಅದೇ ಬದಲಾಯಿಸಿಕೊಳ್ಳುತ್ತದೆ.

ಚಿಪ್ಪನ್ನು ಅಳಿಸುವ ಮುಂಚೆ ಅದರ ಗುರುತು ಕೇಳುವುದು ಒಳ್ಳೆಯ ಪದ್ಧತಿ. ಎರಡೂ ಚಿಪ್ಪಿನ ಗುರುತಿನ ಮೊದಲ ಬೈಟ್ 1ಇ, ಅದು ಅಟ್ಮೆಲ್ ಅಂತ. ಆಮೇಲೆ ಎಟಿಮೆಗಾ328ಪಿ ಆದರೆ 95, 0ಎಫ್ ಬರುತ್ತದೆ. 89ಎಸ್52 ಆದರೆ 52, 06.

ಯಾವುದರಿಂದ ಕಟ್ಟುವುದು

ಹಿಂದೆ ಕಂಪ್ಯೂಟರಿನ ಪ್ರಿಂಟರ್ ಪೋರ್ಟಿನಿಂದಲೇ ತಂತಿ ಎಳೆದು ಕೆಲಸ ಮುಗಿಸುತ್ತಿದ್ದರು. ನಡುವೆ ಒಂದು 74ಎಚ್‌ಸಿ244 ಬಫರ್ ಇದ್ದರೆ ಸಾಕಿತ್ತು. ಈಗಿನ ಲ್ಯಾಪ್‌ಟಾಪಿನಲ್ಲಿ ಆ ಪೋರ್ಟೇ ಇಲ್ಲ. ಯುಎಸ್‌ಬಿಯಿಂದ ಸೀರಿಯಲ್ ಮಾಡುವ ಕೇಬಲಿನ ಪಿನ್ನುಗಳನ್ನು ಒಂದೊಂದಾಗಿ ಆಡಿಸಿಯೂ ಮಾಡಬಹುದು. ಆದರೆ ಯುಎಸ್‌ಬಿ ಮಾತಾಡುವುದು ಮಿಲಿಸೆಕೆಂಡಿನ ಕಂತುಗಳಲ್ಲಿ. ಒಂದೊಂದು ಬಿಟ್ಟಿಗೂ ಒಂದೊಂದು ಕಂತು ಕಾಯುತ್ತಾ ಕೂತರೆ ಸಣ್ಣ ಪ್ರೋಗ್ರಾಮಿಗೂ ನಿಮಿಷಗಳೇ ಹಿಡಿಯುತ್ತವೆ. ಹಾಗಾಗಿ ಯುಎಸ್‌ಬಿಗೂ ಚಿಪ್ಪಿಗೂ ನಡುವೆ ಇನ್ನೊಂದು ಮೈಕ್ರೋಕಂಟ್ರೋಲರ್ ಬೇಕು. ಕಂಪ್ಯೂಟರ್ ದೊಡ್ಡ ತುಂಡುಗಳಲ್ಲಿ ಡೇಟಾ ಕೊಡುತ್ತದೆ, ಇದು ಬಿಟ್ ಬಿಟ್ಟಾಗಿ ಬಿಡಿಸಿ ಕಳಿಸುತ್ತದೆ.

ಈ ದಾರಿಯಲ್ಲಿ ತುಂಬಾ ಹೆಸರು ಮಾಡಿದ್ದು ಥಾಮಸ್ ಫಿಶ್ಲ್ ರೂಪಿಸಿದ ಯುಎಸ್‌ಬಿ ಎಎಸ್‌ಪಿ ಅನ್ನುವ ಪ್ರೋಗ್ರಾಮರ್. ಅದರಲ್ಲಿರುವುದು ಒಂದು ಎಟಿಮೆಗಾ8, 12 ಮೆಗಾಹರ್ಟ್ಸ್ ಕ್ರಿಸ್ಟಲ್ (ಚಿಪ್ಪಿನ ಕ್ಲಾಕಿಗೆ ತಾಳ ಕೊಡುವ ಭಾಗ), ಕೆಲವು ರೆಸಿಸ್ಟರ್, ಎರಡು ಜೀನರ್ ಡಯೋಡ್. ಎಟಿಮೆಗಾ8 ಒಳಗೆ ಯುಎಸ್‌ಬಿ ಹಾರ್ಡ್‌ವೇರೇ ಇಲ್ಲ! ನಿಧಾನಗತಿಯ ಯುಎಸ್‌ಬಿ ಸೆಕೆಂಡಿಗೆ 15 ಲಕ್ಷ ಬಿಟ್ ಓಡುತ್ತದೆ. 12 ಮೆಗಾಹರ್ಟ್ಸ್‌ನಲ್ಲಿ ಲೆಕ್ಕ ಹಾಕಿದರೆ ಒಂದೊಂದು ಬಿಟ್ಟಿಗೆ ಸಿಗುವುದು ಬರೀ 8 ಕ್ಲಾಕ್. ಆ ಎಂಟರೊಳಗೆ ಬಿಟ್ ಓದಿ, ಪರೀಕ್ಷಿಸಿ, ಜೋಡಿಸಿ ಇಡುವ ಕೋಡ್ ಬರೆದಿದ್ದಾರೆ. ಹಣ ಉಳಿಸಲು ತಲೆ ಹೇಗೆ ಓಡಿಸಬೇಕು ಅನ್ನುವುದಕ್ಕೆ ಇದಕ್ಕಿಂತ ಚಂದದ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಅದನ್ನು ಮನೆಯಲ್ಲಿ ಕಟ್ಟಲು ಹೊರಟರೆ ಒಂದು ಗಂಟು ಎದುರಾಗುತ್ತದೆ. ಪ್ರೋಗ್ರಾಮರ್ ಒಳಗಿನ ಎಟಿಮೆಗಾ8ಗೇ ಮೊದಲು ಯಾರಾದರೂ ಕೋಡ್ ಇಳಿಸಿಕೊಡಬೇಕು. ಹುಚ್ಚು ಬಿಡೋ ತನಕ ಮದುವೆ ಆಗಲ್ಲ, ಮದುವೆ ಆಗೋ ತನಕ ಹುಚ್ಚು ಬಿಡಲ್ಲ ಅನ್ನುವ ಹಾಗೆ. ಆದ್ದರಿಂದ ಮೊದಲ ಸಲ ಕಟ್ಟುವವರಿಗೆ ನಾನು ಹೇಳುವುದು ಆರ್ಡುಯಿನೊ ನ್ಯಾನೋ. ಅದಕ್ಕೆ ಯುಎಸ್‌ಬಿ ಕೇಬಲ್ ಸಾಕು, ಬೇರೆ ಪ್ರೋಗ್ರಾಮರ್ ಬೇಡ. ಮೇಲೆ ಹೇಳಿದ ಸ್ಕೆಚ್ ಹಾಕಿದರೆ ಅದೇ ಪ್ರೋಗ್ರಾಮರ್ ಆಗುತ್ತದೆ. ಡಿ11 ಮೋಸಿ, ಡಿ12 ಮಿಸೊ, ಡಿ13 ಎಸ್‌ಸಿಕೆ, ಡಿ10 ಎದುರಿನ ಚಿಪ್ಪಿನ, ಅಂದರೆ ಕೋಡ್ ಇಳಿಸಬೇಕಾದ ಚಿಪ್ಪಿನ, ರೀಸೆಟ್. ಎಟಿಮೆಗಾ328ಪಿಯಲ್ಲಿ ಇವು ಸೇರುವುದು ಕ್ರಮವಾಗಿ 17, 18, 19 ಮತ್ತು 1ನೇ ಪಿನ್ನಿಗೆ. 89ಎಸ್52ನಲ್ಲಿ 6, 7, 8 ಮತ್ತು 9ನೇ ಪಿನ್ನಿಗೆ. ಸ್ಕೆಚ್ ಹಾಕಿದ ಮೇಲೆ ನ್ಯಾನೋದ ಸ್ವಂತ ರೀಸೆಟ್‌ಗೂ ಗ್ರೌಂಡಿಗೂ ನಡುವೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಬೇಕು, ಪ್ಲಸ್ ಕಾಲು ರೀಸೆಟ್ ಕಡೆಗೆ. ಇಲ್ಲದಿದ್ದರೆ ಕಂಪ್ಯೂಟರ್ ಮಾತು ಶುರು ಮಾಡಿದಾಗಲೆಲ್ಲ ನ್ಯಾನೋ ತಾನೇ ರೀಸೆಟ್ ಆಗಿಬಿಡುತ್ತದೆ.

ಕಂಪ್ಯೂಟರ್ ಕಡೆಯಲ್ಲಿ ಎವಿಆರ್‌ಡ್ಯೂಡ್ ಅನ್ನುವ ಉಚಿತ ಸಾಫ್ಟ್‌ವೇರ್ ಸಾಕು. ಅದರ ಕಾನ್ಫಿಗರೇಶನ್ ಫೈಲನ್ನು ಒಮ್ಮೆ ತೆರೆದು ನೋಡಿ. ಒಂದೊಂದು ಚಿಪ್ಪಿನ ಒಂದೊಂದು ಅಪ್ಪಣೆಯನ್ನೂ ಬಿಟ್ ಬಿಟ್ಟಾಗಿ ಬರೆದಿಟ್ಟಿದ್ದಾರೆ. ನಿಮ್ಮ ಹಳೆಯ ಆವೃತ್ತಿಯಲ್ಲಿ 89ಎಸ್52 ಇಲ್ಲದಿದ್ದರೆ ಡೇಟಾಶೀಟ್ ನೋಡಿಕೊಂಡು ನೀವೇ ಸೇರಿಸಬಹುದು.

ಹೆಕ್ಸ್ ಫೈಲಿನ ಒಂದು ಸಾಲು

ನಾವು ಬರೆದದ್ದನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರ್ ಕೊಡುವ ಹೆಕ್ಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ ಬರೀ ಸಂಖ್ಯೆಗಳ ಸಾಲು ಕಾಣುತ್ತದೆ. 8051ಗೆ ಬರೆದ ಪ್ರೋಗ್ರಾಮಿನ ಮೊದಲ ಸಾಲು ಹೀಗಿರಬಹುದು:

:0300000002007883

ಬಿಡಿಸಿ ಓದೋಣ. ಕೋಲನ್ ಅಂದರೆ ಸಾಲು ಶುರು. 03, ಈ ಸಾಲಿನಲ್ಲಿ ಮೂರು ಬೈಟ್ ಡೇಟಾ ಇದೆ. 0000, ಇದನ್ನು ಇಳಿಸಬೇಕಾದ ಅಡ್ರೆಸ್. ಆಮೇಲಿನ 00, ಇದು ಮಾಮೂಲಿ ಡೇಟಾ ಸಾಲು. ಡೇಟಾ 02 00 78. 8051 ಭಾಷೆಯಲ್ಲಿ ಅದರ ಅರ್ಥ ‘0078ನೇ ಅಡ್ರೆಸ್ಸಿಗೆ ಹಾರು’. ಕೊನೆಯ 83 ಚೆಕ್‌ಸಮ್. ಎಲ್ಲ ಬೈಟುಗಳನ್ನೂ ಹೆಕ್ಸಿನಲ್ಲಿ ಕೂಡಿ: 03, 02, 78 ಸೇರಿದರೆ 7ಡಿ. ಅದಕ್ಕೆ 83 ಕೂಡಿದರೆ 100, ಕೊನೆಯ ಎರಡು ಅಂಕೆ ಸೊನ್ನೆ. ಹೀಗೆ ಸೊನ್ನೆ ಬಂದರೆ ಸಾಲು ಕೆಟ್ಟಿಲ್ಲ ಅಂತ. ಪ್ರೋಗ್ರಾಮರ್ ಸಾಫ್ಟ್‌ವೇರನ್ನು ನೀವೇ ಬರೆಯುವುದಾದರೆ ಶುರು ಮಾಡಬೇಕಾದ ಜಾಗ ಇದು.

ಸಮಯ ಎಲ್ಲಿ ಹೋಗುತ್ತದೆ

ಎಟಿಮೆಗಾ328ಪಿಯ 32 ಕಿಲೋಬೈಟ್ ಪೂರ್ತಿ ತುಂಬುತ್ತೇವೆ ಅಂದುಕೊಳ್ಳಿ. ಅದು 128 ಬೈಟಿನ 256 ಪುಟ. ಒಂದು ಪುಟ ಬರೆಯಲು ಚಿಪ್ ತೆಗೆದುಕೊಳ್ಳುವುದು 4.5 ಮಿಲಿಸೆಕೆಂಡ್, ಒಟ್ಟು 1.2 ಸೆಕೆಂಡ್ ಕೂಡ ಇಲ್ಲ. ಒಂದೊಂದು ಬೈಟಿಗೂ ನಾಲ್ಕು ಬೈಟಿನ ಅಪ್ಪಣೆ ಕಳಿಸಬೇಕು. ಸ್ಕೆಚ್ಚಿನ ಮಾಮೂಲಿ ಎಸ್‌ಸಿಕೆ ವೇಗ ಸುಮಾರು 167 ಕಿಲೋಹರ್ಟ್ಸ್, ಅದರಲ್ಲಿ ಇದಕ್ಕೆ 6 ಸೆಕೆಂಡ್ ಚಿಲ್ಲರೆ. ಕಂಪ್ಯೂಟರಿನಿಂದ ನ್ಯಾನೋಗೆ 19200 ಬಾಡ್ ವೇಗದಲ್ಲಿ ಡೇಟಾ ಬರಲು ಸುಮಾರು 17 ಸೆಕೆಂಡ್. ಅಂದರೆ ಚಿಪ್ ಕಾಯಿಸುತ್ತಿಲ್ಲ, ಸೀರಿಯಲ್ ಕೇಬಲ್ ಕಾಯಿಸುತ್ತಿದೆ. ಮಾಮೂಲಿ 4 ಕಿಲೋಬೈಟ್ ಪ್ರಾಜೆಕ್ಟಿಗೆ ಎಲ್ಲ ಸೇರಿ ಮೂರು ಸೆಕೆಂಡ್ ಆದೀತು. ವೇಗಕ್ಕಾಗಿ ದುಡ್ಡು ಹಾಕುವ ಅಗತ್ಯವೇ ಇಲ್ಲ.

ಎಸ್‌ಸಿಕೆ ವೇಗವನ್ನು ಸುಮ್ನೆ ಏರಿಸಲೂಬಾರದು. ಹೊಸ ಎಟಿಮೆಗಾ328ಪಿ ಅಂಗಡಿಯಿಂದ ಬರುವಾಗ 1 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿರುತ್ತದೆ. ಎಸ್‌ಸಿಕೆ ಅದರ ಕಾಲು ಭಾಗಕ್ಕಿಂತ, ಅಂದರೆ 250 ಕಿಲೋಹರ್ಟ್ಸ್‌ಗಿಂತ ಕಡಿಮೆ ಇರಬೇಕು. 89ಎಸ್52 ಇನ್ನೂ ಬಿಗಿ, ಅದಕ್ಕೆ ಕ್ರಿಸ್ಟಲಿನ 16ನೇ ಒಂದು ಭಾಗವೇ ಮಿತಿ. ಜೊತೆಗೆ ಅದರೊಳಗೆ ಸ್ವಂತ ಕ್ಲಾಕ್ ಇಲ್ಲ. 18 ಮತ್ತು 19ನೇ ಪಿನ್ನಿನಲ್ಲಿ ಕ್ರಿಸ್ಟಲ್ ಇಲ್ಲದಿದ್ದರೆ ನೀವು ಎಷ್ಟು ಸಲ ಎಸಿ 53 ಅಂದರೂ ಅದು ಬಾಯಿ ಬಿಡುವುದಿಲ್ಲ.

ಇಲ್ಲಿ ಉಳಿಸಬೇಡಿ

ಬ್ರೆಡ್‌ಬೋರ್ಡಿನಲ್ಲಿ ಕೆಲಸ ಮಾಡಿದ್ದನ್ನು ಜೀರೋ ಪಿಸಿಬಿ ಮೇಲೆ ಸೋಲ್ಡರ್ ಮಾಡುವಾಗ ಜನ ಬಿಟ್ಟುಬಿಡುವುದು ಕೆಪಾಸಿಟರುಗಳನ್ನು. ಫ್ಲ್ಯಾಶಿಗೆ ಬರೆಯುವಾಗ ಸಪ್ಲೈ ಅಲುಗಾಡಿದರೆ ಬಿಟ್ ಅರ್ಧಂಬರ್ಧ ತುಂಬಬಹುದು. ಎದುರಿನ ಚಿಪ್ಪಿನ ಸಪ್ಲೈ ಪಿನ್ನಿಗೆ ಅಂಟಿಕೊಂಡ ಹಾಗೆ 0.1 ಮೈಕ್ರೊಫ್ಯಾರಡಿನದ್ದು ಒಂದು ಇರಲೇಬೇಕು. ಎಟಿಮೆಗಾ328ಪಿಯಲ್ಲಿ 7 ಮತ್ತು 20 ಎರಡೂ ಸಪ್ಲೈ ಪಿನ್ನುಗಳೇ, ಎರಡಕ್ಕೂ 5 ವೋಲ್ಟ್ ಕೊಡಿ.

ಮೋಸಿ ಮತ್ತು ಎಸ್‌ಸಿಕೆ ತಂತಿಗಳಲ್ಲಿ ಒಂದೊಂದು 330 ಓಮ್ ರೆಸಿಸ್ಟರ್ ಹಾಕಿ. ಎದುರಿನ ಚಿಪ್ಪಿನಲ್ಲಿ ಹಳೆಯ ಪ್ರೋಗ್ರಾಮ್ ಓಡುತ್ತಾ ಅದೇ ಪಿನ್ನುಗಳನ್ನು ಔಟ್‌ಪುಟ್ ಮಾಡಿಕೊಂಡಿದ್ದರೆ, ಒಂದು ಕಡೆ 5 ವೋಲ್ಟ್, ಇನ್ನೊಂದು ಕಡೆ ಸೊನ್ನೆ ಎದುರುಬದುರಾಗುತ್ತವೆ. ರೆಸಿಸ್ಟರ್ ಇದ್ದರೆ ಕರೆಂಟ್ ಸುಮಾರು 15 ಮಿಲಿಆಂಪಿಗೆ ನಿಲ್ಲುತ್ತದೆ, ಎರಡೂ ಚಿಪ್ ಉಳಿಯುತ್ತವೆ.

ಕನೆಕ್ಟರಿಗೆ ಬರೀ ಬರ್ಗ್ ಸ್ಟ್ರಿಪ್ (ಪಿನ್ನುಗಳ ಸಾಲು) ಬೇಡ, ಕಚ್ಚು ಇರುವ ಬಾಕ್ಸ್ ಹೆಡರ್ ಹಾಕಿ, ಎಫ್‌ಆರ್‌ಸಿ (ಚಪ್ಪಟೆ ರಿಬ್ಬನ್) ಕೇಬಲ್ ಒಂದೇ ದಿಕ್ಕಿನಲ್ಲಿ ಕೂರುತ್ತದೆ. ಆ ನಾಲ್ಕು ತಂತಿ, 5 ವೋಲ್ಟ್, ಗ್ರೌಂಡ್ ಸೇರಿದ ಆರು ಪಿನ್ನಿನ ಐಎಸ್‌ಪಿ ಕನೆಕ್ಟರನ್ನು ಉಲ್ಟಾ ಚುಚ್ಚಿದರೆ 5 ವೋಲ್ಟ್ ಹೋಗಿ ರೀಸೆಟ್ ಮೇಲೆ, ಗ್ರೌಂಡ್ ಹೋಗಿ ಮಿಸೊ ಮೇಲೆ ಕೂರುತ್ತದೆ. ಚಿಪ್ ಪದೇ ಪದೇ ತೆಗೆದು ಹಾಕುವುದಿದ್ದರೆ ಮಾಮೂಲಿ ಐಸಿ ಬೇಸ್ ಬದಲು ಜಿಫ್ ಸಾಕೆಟ್ (ಸಣ್ಣ ಹಿಡಿ ಎತ್ತಿದರೆ ಚಿಪ್ ಸಡಿಲವಾಗಿ ಬರುವ ಸಾಕೆಟ್) ಹಾಕಿ. ಇಡೀ ಬೋರ್ಡಿನಲ್ಲಿ ದುಬಾರಿ ಭಾಗ ಅದೇ ಆಗಬಹುದು, ಆದರೂ 40 ಕಾಲಿನ ಚಿಪ್ಪಿನ ಕಾಲು ಮುರಿಯುವುದು ತಪ್ಪುತ್ತದೆ.

ಇನ್ನೊಂದು ಅರ್ಥಿಂಗ್ ವಿಷಯ. ಹಳೆಯ ಮನೆಗಳಲ್ಲಿ, ತೋಟದ ಮನೆಗಳಲ್ಲಿ ಪ್ಲಗ್ಗಿನ ಮೂರನೇ ತೂತಿಗೆ ಅರ್ಥ್ ಬಂದಿರುವುದೇ ಇಲ್ಲ. ಆಗ ಲ್ಯಾಪ್‌ಟಾಪ್ ಚಾರ್ಜರಿನ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಲ್ಯಾಪ್‌ಟಾಪಿನ ಗ್ರೌಂಡ್ ಮೇಲೆ ನೂರರ ಆಸುಪಾಸು ವೋಲ್ಟ್ ತೇಲುತ್ತಿರಬಹುದು. ಕರೆಂಟ್ ಅತಿ ಸಣ್ಣದು, ಕೈಗೆ ಜುಮ್ಮೆನ್ನುತ್ತದೆ ಅಷ್ಟೆ. ಚಿಪ್ಪಿನ ಪಿನ್ನಿಗೆ ಅದೂ ಜಾಸ್ತಿಯೇ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಕೆಲಸ ಮಾಡಿ. ಮೊದಲು ಗ್ರೌಂಡ್ ಸೇರಿಸಿ, ಆಮೇಲೆ ಉಳಿದ ತಂತಿ.

ವೆರಿಫೈ ಅನ್ನು ಮಾತ್ರ ಎಂದೂ ಬಿಡಬೇಡಿ. ಬರೆದದ್ದನ್ನೆಲ್ಲ ವಾಪಸ್ ಓದಿ ಹೆಕ್ಸ್ ಫೈಲಿನ ಜೊತೆ ಹೋಲಿಸುವುದಕ್ಕೆ ಒಂದು ಪೈಸೆಯೂ ಖರ್ಚಿಲ್ಲ. ಲಾಕ್ ಬಿಟ್ ಹಾಕುವುದಿದ್ದರೆ ವೆರಿಫೈ ಆದ ಮೇಲೆಯೇ ಹಾಕಿ, ಆಮೇಲೆ ಚಿಪ್ ಓದಲು ಬಿಡುವುದಿಲ್ಲ.

ಗದ್ದೆಯ ಪಂಪ್‌ಸೆಟ್ ಬೋರ್ಡ್

ಮಂಡ್ಯ ಕಡೆ ಪ್ರಾಜೆಕ್ಟ್ ಅಂದರೆ ಪಂಪ್‌ಸೆಟ್ ಟೈಮರ್, ಫೇಸ್ ನೋಡಿ ಮೋಟರ್ ಆನ್ ಮಾಡುವ ಬೋರ್ಡ್ ಇಂಥವು ಬಂದೇ ಬರುತ್ತವೆ. ಇಂಥ ಬೋರ್ಡಿನ ಮೇಲೇ ಆರು ಪಿನ್ನಿನ ಕನೆಕ್ಟರ್ ಕೊಟ್ಟರೆ ಚಿಪ್ ಕೀಳದೆ ಹೊಸ ಕೋಡ್ ಹಾಕಬಹುದು. ಆದರೆ ಇಲ್ಲಿ ಜೀವದ ಪ್ರಶ್ನೆ ಇದೆ. ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರಿನಿಂದ ವೋಲ್ಟೇಜ್ ಇಳಿಸಿದ ಬೋರ್ಡ್ ಆದರೆ ಅದರ ಗ್ರೌಂಡ್ ನೇರವಾಗಿ ಮೇನ್ಸ್ ಲೈನಿಗೇ ಸೇರಿರುತ್ತದೆ. ಮೇನ್ಸ್ ಇರುವಾಗ ಪ್ರೋಗ್ರಾಮರ್ ಚುಚ್ಚಿದರೆ ಲ್ಯಾಪ್‌ಟಾಪ್ ಹಾಳಾಗುವುದಿರಲಿ, ಮುಟ್ಟಿದವರ ಪ್ರಾಣಕ್ಕೇ ಕುತ್ತು. ಫ್ಯೂಸ್ ಕಿತ್ತು, ಮೇನ್ಸ್ ಪೂರ್ತಿ ಬೇರೆ ಮಾಡಿ, ಚಿಪ್ಪಿಗೆ ಪ್ರೋಗ್ರಾಮರಿನಿಂದಲೇ 5 ವೋಲ್ಟ್ ಕೊಡಿ.

ಮೋಟರ್ ರಿಲೇಯನ್ನು ಮೋಸಿ, ಮಿಸೊ, ಎಸ್‌ಸಿಕೆ ಪಿನ್ನುಗಳಿಗೆ ಸೇರಿಸಲೇಬೇಡಿ, ಕೋಡ್ ಇಳಿಯುವಾಗ ರಿಲೇ ಪಟಪಟ ಬಡಿದುಕೊಳ್ಳುತ್ತದೆ. 89ಎಸ್52 ಆದರೆ ಇನ್ನೂ ಒಂದು ಎಚ್ಚರ. ರೀಸೆಟ್‌ನಲ್ಲಿರುವಾಗ ಅದರ ಎಲ್ಲ ಪೋರ್ಟ್ ಪಿನ್ನುಗಳೂ 1 ಆಗಿರುತ್ತವೆ. ಪ್ರೋಗ್ರಾಮಿಂಗ್ ಮುಗಿಯುವ ತನಕ ಚಿಪ್ ರೀಸೆಟ್‌ನಲ್ಲೇ ಇರುತ್ತದೆ. 1 ಬಂದರೆ ಆನ್ ಆಗುವ ರಿಲೇ ಡ್ರೈವರ್ ಹಾಕಿದ್ದರೆ ಅಷ್ಟೂ ಹೊತ್ತು ಮೋಟರ್ ಆನ್ ಆಗಿರಬಹುದು. 0 ಬಂದರೆ ಆನ್ ಆಗುವ ಹಾಗೆ ಸರ್ಕ್ಯೂಟ್ ಮಾಡಿದರೆ ಈ ತೊಂದರೆ ಇಲ್ಲ.

ಫ್ಯೂಸ್ ಬಿಟ್ ತಪ್ಪಾದರೆ

ಎವಿಆರ್ ಚಿಪ್ಪಿನ ಫ್ಯೂಸ್ ಬಿಟ್ಟುಗಳು (ಕರೆಂಟಿನ ಫ್ಯೂಸ್ ಅಲ್ಲ, ಚಿಪ್ಪಿನ ಸೆಟ್ಟಿಂಗ್ ಬರೆದಿಡುವ ಬಿಟ್ಟುಗಳು) ಕ್ಲಾಕ್ ಎಲ್ಲಿಂದ ಬರಬೇಕು ಅಂತ ನಿರ್ಧರಿಸುತ್ತವೆ. ‘ಹೊರಗಿನ ಕ್ರಿಸ್ಟಲ್’ ಅಂತ ಬರೆದು ಕ್ರಿಸ್ಟಲ್ ಹಾಕದಿದ್ದರೆ ಚಿಪ್ ಸತ್ತ ಹಾಗೆ ಕಾಣುತ್ತದೆ, ಎಸಿ 53ಗೆ ಉತ್ತರವೇ ಇಲ್ಲ. ಅದನ್ನು ಬಿಸಾಡಬೇಡಿ. 9 ಮತ್ತು 10ನೇ ಪಿನ್ನಿಗೆ 16 ಮೆಗಾಹರ್ಟ್ಸ್ ಕ್ರಿಸ್ಟಲ್, ಎರಡು ಕಡೆಯಿಂದಲೂ ಗ್ರೌಂಡಿಗೆ 22 ಪೈಕೊಫ್ಯಾರಡ್ ಕೊಟ್ಟರೆ ಎದ್ದು ಕೂರುತ್ತದೆ. ‘ಹೊರಗಿನ ಕ್ಲಾಕ್’ ಅಂತ ಬರೆದುಹೋಗಿದ್ದರೆ ಕ್ರಿಸ್ಟಲ್ ಸಾಲದು, ಇನ್ನೊಂದು ಬೋರ್ಡಿನಿಂದ ಚೌಕ ಅಲೆ ತಂದು 9ನೇ ಪಿನ್ನಿಗೆ ಕೊಡಬೇಕು. ಆದ್ದರಿಂದ ಪ್ರೋಗ್ರಾಮರ್ ಬೋರ್ಡಿನ ಮೇಲೆಯೇ ಜಿಫ್ ಸಾಕೆಟ್ ಪಕ್ಕದಲ್ಲಿ ಒಂದು ಕ್ರಿಸ್ಟಲ್ ಕಾಯಂ ಆಗಿ ಇರಲಿ. 89ಎಸ್52 ಸಾಕೆಟ್ಟಿಗೆ ಹೇಗೂ ಬೇಕು, ಎವಿಆರ್ ಸಾಕೆಟ್ಟಿಗೂ ಒಂದು ಹಾಕಿಬಿಡಿ.

ರೀಸೆಟ್ ಪಿನ್ನನ್ನೇ ಮಾಮೂಲಿ ಪಿನ್ ಮಾಡುವ ಫ್ಯೂಸನ್ನು ಮಾತ್ರ ಮುಟ್ಟಬೇಡಿ. ಅದನ್ನು ಬರೆದ ಮೇಲೆ ಈ ನಾಲ್ಕು ತಂತಿಗೆ ಚಿಪ್ ಸಿಗುವುದೇ ಇಲ್ಲ. ವಾಪಸ್ ತರಲು ರೀಸೆಟ್ ಪಿನ್ನಿಗೆ 12 ವೋಲ್ಟ್ ಕೊಡುವ, ಹತ್ತಾರು ತಂತಿ ಬೇಡುವ ಬೇರೆ ಪ್ರೋಗ್ರಾಮರೇ ಬೇಕು. ಅದನ್ನೂ ಮನೆಯಲ್ಲಿ ಕಟ್ಟಬಹುದು, ಆದರೆ ಮೊದಲು ಇದು ಕೈಗೆ ಹತ್ತಲಿ.